ತುಮಕೂರಿನಲ್ಲಿ ಡೆಟ್ರಾಯ್ಟ್ ಜಾಝ್ ಸಂಜೆ: ಪಕ್ಕವಾದ್ಯದಿಂದ ಶುರು ಮಾಡಿ

ಜಾಝ್ ಕೇಳಿಸುವ ಕೂಟ ಮಾಡಲು ಹೊರಟವರು ಸಾಮಾನ್ಯವಾಗಿ 'ಅತಿ ಶ್ರೇಷ್ಠ ಹತ್ತು' ಎನ್ನುವ ಯಾವುದೋ ಪಟ್ಟಿ ಇಳಿಸಿಕೊಂಡು ಒಂದರ ಹಿಂದೆ ಒಂದು ಹಾಕುತ್ತಾರೆ. ಮೂರನೆಯದು ಮುಗಿಯುವ ಹೊತ್ತಿಗೆ ಕೂತವರ ಕೈಗೆ ಮೊಬೈಲ್ ಬಂದಿರುತ್ತದೆ. ಪ್ರತಿ ಹಾಡಿನಲ್ಲೂ ಬೇರೆ ಕಾಲ, ಬೇರೆ ತಂಡ, ಬೇರೆ ನಡೆ. ಹೊಸಬರ ಕಿವಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಒಂದು ಊರನ್ನು ಆರಿಸಿಕೊಂಡು ಅಲ್ಲಿನವರನ್ನಷ್ಟೇ ಕೇಳಿಸಿದರೆ ಈ ತೊಂದರೆ ಅರ್ಧ ತೀರುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ತುಮಕೂರಿನ ಕಿವಿಗೆ ಹೊಂದುವ ಊರೆಂದರೆ ಅಮೆರಿಕದ ಡೆಟ್ರಾಯ್ಟ್.

ಯಾಕೆಂದರೆ ಡೆಟ್ರಾಯ್ಟ್ ಮುಖ್ಯವಾಗಿ ಪಕ್ಕವಾದ್ಯದವರ ಊರು. 1950, 60ರ ದಶಕಗಳ ಹೆಸರಾಂತ ಆಲ್ಬಮ್‌ಗಳ ಮುಖಪುಟದಲ್ಲಿ ದಪ್ಪಕ್ಷರದಲ್ಲಿರುವವರು ಬಹುಪಾಲು ಬೇರೆ ಊರಿನವರು: ಮೈಲ್ಸ್ ಡೇವಿಸ್ ಇಲಿನಾಯ್, ಜಾನ್ ಕೋಲ್ಟ್ರೇನ್ ನಾರ್ತ್ ಕೆರೊಲಿನಾ, ಸಾನಿ ರೋಲಿನ್ಸ್ ನ್ಯೂಯಾರ್ಕ್. ಹಿಂದಿನ ಪುಟ ತಿರುಗಿಸಿ ಸಣ್ಣಕ್ಷರ ಓದಿ. ಬಾಸ್ (ಕೆಳಸ್ಥಾಯಿಯ ದೊಡ್ಡ ತಂತಿವಾದ್ಯ) ಪಾಲ್ ಚೇಂಬರ್ಸ್, ಪಿಯಾನೊ ಟಾಮಿ ಫ್ಲಾನಗನ್, ಡ್ರಮ್ಸ್ ಎಲ್ವಿನ್ ಜೋನ್ಸ್, ಟ್ರೊಂಬೋನ್ ಕರ್ಟಿಸ್ ಫುಲ್ಲರ್. ಇವರೆಲ್ಲ ಡೆಟ್ರಾಯ್ಟ್ ಕಡೆಯವರು. ಗಾಯಕರಷ್ಟೇ ಪಿಟೀಲು, ಮೃದಂಗವನ್ನೂ ಗಮನಿಸಿ, ತನಿ ಆವರ್ತನಕ್ಕೆ ತಾಳ ಹಾಕುತ್ತ ಕೂರುವ ಶ್ರೋತೃಗಳಿಗೆ ಈ ದಾರಿ ಹೊಸದೇನಲ್ಲ. ಕೆಳಗಿನ ವಿವರ ಇಪ್ಪತ್ತರಿಂದ ಮೂವತ್ತು ಜನ ಸೇರುವ, ತೊಂಬತ್ತು ನಿಮಿಷದ ಒಂದು ಸಂಜೆಗೆ.

ಯಾರು ಡೆಟ್ರಾಯ್ಟ್‌ನವರು

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ, ಇಲ್ಲದಿದ್ದರೆ ಸಭೆಯಲ್ಲಿ ಯಾರಾದರೂ ಫೋನ್ ತೆಗೆದು "ಇವರು ಹುಟ್ಟಿದ್ದು ಬೇರೆ ಕಡೆ ಅಂತಿದೆಯಲ್ಲ ಸಾರ್" ಎನ್ನುತ್ತಾರೆ. ಮೂರು ಗುಂಪು ಮಾಡಿ. ಊರಿನಲ್ಲೇ ಹುಟ್ಟಿದವರು: ವೈಬ್ರಫೋನ್‌ನ ಮಿಲ್ಟ್ ಜಾಕ್ಸನ್ (1923), ಪಿಯಾನೊದ ಬ್ಯಾರಿ ಹ್ಯಾರಿಸ್ (1929) ಮತ್ತು ಟಾಮಿ ಫ್ಲಾನಗನ್ (1930), ಗಿಟಾರಿನ ಕೆನಿ ಬರೆಲ್ (1931), ಟ್ರಂಪೆಟ್‌ನ ಡೊನಾಲ್ಡ್ ಬರ್ಡ್ (1932), ಬಾಸ್‌ನ ಡಗ್ ವಾಟ್ಕಿನ್ಸ್ (1934), ಡ್ರಮ್ಸ್‌ನ ಲೂಯಿಸ್ ಹೇಯ್ಸ್ (1937), ಹಾರ್ಪ್ ಮತ್ತು ಪಿಯಾನೊದ ಆಲಿಸ್ ಕೋಲ್ಟ್ರೇನ್ (1937), ಸ್ಯಾಕ್ಸೊಫೋನ್‌ನ ಕೆನಿ ಗ್ಯಾರೆಟ್ (1960), ಪಿಟೀಲಿನ ರೆಜಿನಾ ಕಾರ್ಟರ್ (1966). ಬೇರೆಡೆ ಹುಟ್ಟಿ ಇಲ್ಲಿ ಬೆಳೆದವರು: ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಪಾಲ್ ಚೇಂಬರ್ಸ್, ಚಾಟನೂಗದ ಯೂಸೆಫ್ ಲತೀಫ್, ಫ್ಲಿಂಟ್‌ನ ಗಾಯಕಿ ಬೆಟಿ ಕಾರ್ಟರ್. ಸುತ್ತಮುತ್ತಲ ಊರಿನವರು: ಪಾಂಟಿಯಾಕ್‌ನ ಜೋನ್ಸ್ ಸೋದರರು, ಫರ್ನ್‌ಡೇಲ್‌ನ ರಾನ್ ಕಾರ್ಟರ್. ಪಾಂಟಿಯಾಕ್ ಡೆಟ್ರಾಯ್ಟ್‌ನಿಂದ ಸುಮಾರು 40 ಕಿ.ಮೀ. ದೂರ. ಗುಬ್ಬಿಯವರನ್ನು ತುಮಕೂರಿನವರು ಅನ್ನುವುದರಲ್ಲಿ ತಪ್ಪಿಲ್ಲ ಎನ್ನುವವರು ಇದನ್ನೂ ಒಪ್ಪುತ್ತಾರೆ.

ಹೆಸರುಗಳ ಗೊಂದಲ ಜಾಸ್ತಿ. ಪಿಯಾನೊದ ಹ್ಯಾಂಕ್, ಟ್ರಂಪೆಟ್‌ನ ಥ್ಯಾಡ್, ಡ್ರಮ್ಸ್‌ನ ಎಲ್ವಿನ್, ಈ ಮೂವರು ಜೋನ್ಸ್‌ಗಳು ಒಡಹುಟ್ಟಿದವರು. ಫಿಲಿ ಜೋ ಜೋನ್ಸ್, ಸ್ಯಾಮ್ ಜೋನ್ಸ್, ಜೋ ಜೋನ್ಸ್ ಅವರಿಗೂ ಇವರಿಗೂ ಸಂಬಂಧವಿಲ್ಲ. ರಾನ್, ಬೆಟಿ, ರೆಜಿನಾ ಮೂವರೂ ಕಾರ್ಟರ್‌ಗಳೇ ಆದರೂ ಒಂದು ಮನೆಯವರಲ್ಲ. ಬೆಟಿ ಅವರ ಹುಟ್ಟುಹೆಸರಿನಲ್ಲಿ ಜೋನ್ಸ್ ಇದೆ, ಕಾರ್ಟರ್ ಎನ್ನುವುದು ವೇದಿಕೆಯ ಹೆಸರು! ಹುಡುಕುವಾಗ ಹೆಸರಿನ ಜೊತೆ ವಾದ್ಯವನ್ನೂ ಬರೆದರೆ ತಪ್ಪು ಹಾಡು ಇಳಿಯುವುದು ತಪ್ಪುತ್ತದೆ.

ಇಷ್ಟೊಂದು ಜನ ಒಂದೇ ಊರಿನಿಂದ ಹೇಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಎರಡು ನಿಮಿಷದ ಉತ್ತರ ಸಿದ್ಧವಿರಲಿ. ಕಾರು ಕಾರ್ಖಾನೆಗಳ ಕೆಲಸಕ್ಕೆಂದು ದಕ್ಷಿಣದ ರಾಜ್ಯಗಳಿಂದ ಕಪ್ಪುಜನರ ಕುಟುಂಬಗಳು ಸಾವಿರಗಟ್ಟಲೆ ಬಂದು ನೆಲೆಸಿದವು. ಎಚ್‌ಎಂಟಿ ವಾಚ್ ಕಾರ್ಖಾನೆ ನಡೆದದ್ದನ್ನೂ ಮುಚ್ಚಿದ್ದನ್ನೂ ಕಂಡ ಊರಿನವರಿಗೆ ಕಾರ್ಖಾನೆಯ ಸಂಬಳ ಒಂದು ಬಡಾವಣೆಯನ್ನು ಹೇಗೆ ಎತ್ತುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಪಾಠ ಗಟ್ಟಿಯಾಗಿತ್ತು. ಕ್ಯಾಸ್ ಟೆಕ್ನಿಕಲ್ ಹೈಸ್ಕೂಲಿನಲ್ಲಿ ಹಾರ್ಪ್ ಕೂಡ ಕಲಿಸುತ್ತಿದ್ದರು. ರಾನ್ ಕಾರ್ಟರ್, ಡೊನಾಲ್ಡ್ ಬರ್ಡ್, ಹಾರ್ಪ್ ವಾದಕಿ ಡೊರೊತಿ ಆ್ಯಶ್‌ಬಿ ಅಲ್ಲಿ ಓದಿದವರು. ಇನ್ನು ಟೈರ್‌ಮನ್ ಅವೆನ್ಯೂದ ಬ್ಲೂ ಬರ್ಡ್ ಇನ್‌ನಂಥ ಕ್ಲಬ್‌ಗಳಲ್ಲಿ ಊರಿನ ಖಾಯಂ ತಂಡವೇ ಹೊರಗಿನಿಂದ ಬಂದ ದೊಡ್ಡವರಿಗೆ ಸಾಥ್ ಕೊಡಬೇಕಿತ್ತು. ಇವತ್ತು ಒಬ್ಬರು, ಮುಂದಿನ ವಾರ ಇನ್ನೊಬ್ಬರು. ಯಾರ ಜೊತೆಗಾದರೂ ಹೊಂದಿಕೊಂಡು ನುಡಿಸುವ ಕಸುಬು ಬೆಳೆದದ್ದು ಇಂಥ ಕೆಲಸದಲ್ಲಿ. ಮೈಲ್ಸ್ ಡೇವಿಸ್ 1953–54ರಲ್ಲಿ ಕೆಲವು ತಿಂಗಳು ಡೆಟ್ರಾಯ್ಟ್‌ನಲ್ಲೇ ಉಳಿದು ಅಲ್ಲಿ ನುಡಿಸಿದ್ದರು. ಕಪ್ಪುಜನರ ಕ್ಲಬ್ಬು, ಅಂಗಡಿಗಳಿಂದ ತುಂಬಿದ್ದ ಹೇಸ್ಟಿಂಗ್ಸ್ ಸ್ಟ್ರೀಟನ್ನು ಆಮೇಲೆ ಕ್ರೈಸ್ಲರ್ ಹೆದ್ದಾರಿಗಾಗಿ ಕೆಡವಿದರು. ಅಷ್ಟರಲ್ಲಿ ಈ ವಾದಕರಲ್ಲಿ ಹಲವರು ನ್ಯೂಯಾರ್ಕ್ ಸೇರಿಯಾಗಿತ್ತು. ಫ್ಲಾನಗನ್ ಮತ್ತು ಬರೆಲ್ ಹೋದದ್ದು 1956ರಲ್ಲಿ.

ಕೋಣೆ ಮತ್ತು ಸ್ಪೀಕರ್: ಬಾಸ್ ಕೇಳದಿದ್ದರೆ ಸಂಜೆ ದಂಡ

ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಮೊಬೈಲಿನ ಸ್ಪೀಕರ್‌ನಲ್ಲಿ 200–300 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ಬರುವುದಿಲ್ಲ. ಅಂದರೆ ಫೋನಿನಲ್ಲಿ ಕೇಳಿ ಹಾಡು ಆರಿಸಿದವರು ಪಾಲ್ ಚೇಂಬರ್ಸ್ ಅವರನ್ನು ಕೇಳಿಯೇ ಇರುವುದಿಲ್ಲ. ಆಯ್ಕೆ ಮಾಡುವಾಗಲೇ ಹೆಡ್‌ಫೋನ್ ಹಾಕಿಕೊಳ್ಳಿ.

ಕೋಣೆ ಬಿ.ಎಚ್. ರಸ್ತೆಗೆ ಅಂಟಿಕೊಂಡಿರಬಾರದು. ಲಾರಿ, ಬಸ್ಸುಗಳ ಎಂಜಿನ್ ಗುಡುಗು ಬಾಸ್ ಇರುವ ಜಾಗದಲ್ಲೇ ಬಂದು ಕೂರುತ್ತದೆ, ವಾಲ್ಯೂಮ್ ಏರಿಸಿದರೂ ಬಿಡಿಸಿ ಕೇಳಿಸದು. ಅಶೋಕನಗರ, ಎಸ್.ಎಸ್. ಪುರಂ ಕಡೆಯ ಒಳರಸ್ತೆಗಳಲ್ಲಿ ಟ್ಯೂಷನ್ ನಡೆಸುವ ಮಹಡಿ ಕೋಣೆ, ಸಂಗೀತ ಶಾಲೆಯ ಹಾಲ್, ಅಪಾರ್ಟ್‌ಮೆಂಟಿನ ಸಭಾಂಗಣ ಸಾಕು. 20 ಅಡಿ ಅಗಲ, 30 ಅಡಿ ಉದ್ದ ಇದ್ದರೆ ಮೂವತ್ತು ಜನಕ್ಕೆ ಆರಾಮ. ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟಣ್ ಎಂದು ಬಾಲ ಎಳೆದರೆ ಟೈಲ್ಸ್ ಮತ್ತು ಬರಿ ಗೋಡೆಯ ಪ್ರತಿಧ್ವನಿ ಇದೆ ಎಂದರ್ಥ. ನೆಲಕ್ಕೆ ಜಮಖಾನ, ಹಿಂಬದಿ ಗೋಡೆಗೆ ದಪ್ಪ ಪರದೆ ಅಥವಾ ಕಂಬಳಿ ಹಾಕಿದರೆ ಹಾಯ್-ಹ್ಯಾಟ್‌ನ (ಡ್ರಮ್ಸ್‌ನ ಜೋಡಿ ತಟ್ಟೆ) ಕಲಸುಮೇಲೋಗರ ಮಾಯವಾಗುತ್ತದೆ. ಬಾಸ್‌ನ ಗುಂಯ್ ಮಾತ್ರ ಜಮಖಾನೆಗೆ ಬಗ್ಗುವುದಿಲ್ಲ, ಅದಕ್ಕೆ ಸ್ಪೀಕರ್ ಸರಿಸಬೇಕು.

ಶಾಮಿಯಾನದವರ ಮೈಕ್ ಸೆಟ್ ಬೇಡ. ಅದು ಮಾತು ದೂರಕ್ಕೆ ಕೇಳಲೆಂದು ಇರುವಂಥದ್ದು, ಹಲವು ಸಲ ಎರಡು ಪೆಟ್ಟಿಗೆಯಲ್ಲೂ ಬರುವುದು ಒಂದೇ ಮೋನೊ ಸದ್ದು. 8 ಇಂಚಿನ ವೂಫರ್ (ಕೆಳಸ್ವರ ನುಡಿಸುವ ಭಾಗ) ಇರುವ ಒಂದು ಜೊತೆ ಆ್ಯಕ್ಟಿವ್ ಸ್ಪೀಕರ್, ಅಂದರೆ ಒಳಗೇ ಆಂಪ್ಲಿಫೈಯರ್ ಇರುವಂಥದ್ದು, ಎರವಲು ತನ್ನಿ. ಎರಡರ ನಡುವೆ 8ರಿಂದ 10 ಅಡಿ, ಮೊದಲ ಸಾಲಿಗೂ ಅಷ್ಟೇ ದೂರ, ಹಿಂದಿನ ಗೋಡೆಯಿಂದ ಕನಿಷ್ಠ 2 ಅಡಿ. ಮೂಲೆಗೆ ಒತ್ತರಿಸಿದರೆ ಬಾಸ್ ಉಬ್ಬಿ ಸ್ವರಕ್ಕೂ ಸ್ವರಕ್ಕೂ ವ್ಯತ್ಯಾಸ ತಿಳಿಯದ ಒಂದೇ ಗುಂಯ್ ಆಗುತ್ತದೆ. ಮೇಲುಸ್ವರ ನುಡಿಸುವ ಸಣ್ಣ ಭಾಗ, ಟ್ವೀಟರ್, ಕೂತವರ ಕಿವಿಯ ಮಟ್ಟದಲ್ಲಿರಲಿ: ಕುರ್ಚಿಯಾದರೆ ನೆಲದಿಂದ ಮೂರೂವರೆ ಅಡಿ, ಜಮಖಾನದ ಮೇಲಾದರೆ ಎರಡೂವರೆ. 'ಬಾಸ್ ಬೂಸ್ಟ್' ಗುಂಡಿ ಕಂಡಲ್ಲೆಲ್ಲ ಆಫ್ ಮಾಡಿ. ಸಿನಿಮಾ ಹಾಡಿಗೆ ಚೆನ್ನ, ಇಲ್ಲಿ ವಿಷ. ಒಂದು ಹಾಡು ಹಾಕಿಟ್ಟು ಕೋಣೆಯೆಲ್ಲ ಒಮ್ಮೆ ನಡೆದು ನೋಡಿ. ಕೆಲವು ಕಡೆ ಬಾಸ್ ದಪ್ಪವಾಗುತ್ತದೆ, ಕೆಲವು ಕಡೆ ಕಾಣೆಯಾಗುತ್ತದೆ. ಕಾಣೆಯಾಗುವ ಜಾಗದಲ್ಲಿ ಕುರ್ಚಿ ಹಾಕಬೇಡಿ, ಹಿಂಬದಿ ಗೋಡೆಗೆ ಒರಗಿಸಿಯೂ ಬೇಡ.

ಕೇಬಲ್ ವಿಷಯದಲ್ಲಿ ಆಗುವ ಅನಾಹುತ ಬೇರೆಲ್ಲೂ ಆಗುವುದಿಲ್ಲ. ಲ್ಯಾಪ್‌ಟಾಪ್‌ನ 3.5 ಎಂಎಂ ತೂತಿನಿಂದ ಮಿಕ್ಸರ್‌ಗೆ ಹೋಗುವ ತಂತಿಯ ಆ ತುದಿಯಲ್ಲಿ ಎರಡು ಬೇರೆ ಬೇರೆ ಮೋನೊ ಪಿನ್ ಇರಬೇಕು, ಒಂದು ಎಡಕ್ಕೆ, ಒಂದು ಬಲಕ್ಕೆ. ಅದರ ಬದಲು ಎರಡು ಕಪ್ಪು ಗೆರೆಯ ಒಂದೇ ದಪ್ಪ ಸ್ಟೀರಿಯೊ ಪಿನ್ನನ್ನು ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದರೆ, ಮಿಕ್ಸರ್ ಎಡದಲ್ಲಿ ಬಲವನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡುತ್ತದೆ. ಎರಡೂ ಕಡೆ ಸಮವಾಗಿ ಧ್ವನಿಮುದ್ರಣವಾದ ವಾದ್ಯ ಸೊನ್ನೆ. ಮುಖ್ಯ ವಾದಕ ಬಾವಿಯೊಳಗಿಂದ ನುಡಿಸಿದಂತೆ, ಬಾಸ್ ಇಲ್ಲವೇ ಇಲ್ಲದಂತೆ ಕೇಳಿದರೆ ಬೇರೇನೂ ಮುಟ್ಟಬೇಡಿ, ಮೊದಲು ಆ ಪಿನ್ ನೋಡಿ. ಒಂದು ಕಡೆಯ ತಂತಿ ಮಾತ್ರ ಸಿಕ್ಕಿಸಿದರೂ ಕಷ್ಟವೇ: 1950ರ ದಶಕದ ಕೊನೆಯ ಹಲವು ಸ್ಟೀರಿಯೊ ಮುದ್ರಣಗಳಲ್ಲಿ ಒಂದು ಸ್ಯಾಕ್ಸೊಫೋನ್ ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ ಇರುತ್ತದೆ. ಅರ್ಧ ತಂಡ ಮನೆಗೆ ಹೋದ ಹಾಗೆ.

ಉಳಿದವು ಬೇಗ ಹೇಳಿಬಿಡಬಹುದು. ಹಾಡುಗಳನ್ನು ಮೊದಲೇ ಇಳಿಸಿಕೊಳ್ಳಿ, ಜಾಹೀರಾತು ಬರುವ ಉಚಿತ ಆ್ಯಪ್ ನಂಬಬೇಡಿ. ಹಾಡಿನಿಂದ ಹಾಡಿಗೆ ಬೆರೆಸುವ ಕ್ರಾಸ್‌ಫೇಡ್ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಕೊನೆಯ ಹೊಡೆತ ಕತ್ತರಿಸಿ ಹೋಗುತ್ತದೆ. ಫ್ಯಾನ್ ಎರಡರಲ್ಲಿ ಇರಲಿ. ಕರೆಂಟ್ ಹೋದಾಗ ಸ್ಪೀಕರ್ ಒಮ್ಮೆಲೇ ಡಬ್ ಎನ್ನದಂತೆ ಯುಪಿಎಸ್‌ಗೆ ಸಿಕ್ಕಿಸಿ. ಪಕ್ಕದವರು ಮಾಮೂಲಿ ದನಿಯಲ್ಲಿ ಮಾತಾಡಿದರೆ ಅರ್ಧಂಬರ್ಧ ಕೇಳಿಸುವಷ್ಟು ವಾಲ್ಯೂಮ್ ಸಾಕು. ಟಿಕೆಟ್ ಇಡಬೇಡಿ: ಲಾಭಕ್ಕಲ್ಲದ ಸಂಘ ತನ್ನ ಚಟುವಟಿಕೆಯಾಗಿ ಧ್ವನಿಮುದ್ರಣ ಕೇಳಿಸುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ, ದುಡ್ಡು ಮಾಡಲು ಹೊರಟರೆ ಲೈಸನ್ಸ್ ಬೇಕು. ರಾಮನವಮಿ ಕಛೇರಿಗಳ ವಾರ ಬಿಟ್ಟು ದಿನ ಗೊತ್ತು ಮಾಡಿ, ಎರಡಕ್ಕೂ ಬರುವವರು ಅದೇ ಜನ.

ಆದಿತಾಳದಲ್ಲಿ ಎಣಿಸುವುದು

ಹೊಸಬರು ಜಾಝ್‌ನಲ್ಲಿ ದಾರಿ ತಪ್ಪುವುದು ಒಂದೇ ಕಾರಣಕ್ಕೆ: ಆವರ್ತ ಎಲ್ಲಿಗೆ ಮುಗಿದು ಎಲ್ಲಿ ಮತ್ತೆ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ತಾಳ ಗೊತ್ತಿರುವವರಿಗೆ ಇದನ್ನು ಹತ್ತು ನಿಮಿಷದಲ್ಲಿ ಕೈಗೆ ಕೂರಿಸಬಹುದು.

ಈ ಸಂಗೀತದ ಒಂದು ಬಾರ್‌ನಲ್ಲಿ ನಾಲ್ಕು ಎಣಿಕೆ. ಆದಿತಾಳದ ಎಂಟು ಅಕ್ಷರಕ್ಕೆ ಎರಡು ಬಾರ್. ಬ್ಲೂಸ್ ಎಂಬ ರಚನೆ ಸಾಮಾನ್ಯವಾಗಿ 12 ಬಾರ್, ಅಂದರೆ 48 ಎಣಿಕೆ, ಆದಿತಾಳದ ಆರು ಆವರ್ತ. ಹಾಡಿನ ಮಾದರಿಯ ರಚನೆ 32 ಬಾರ್, 128 ಎಣಿಕೆ, ಹದಿನಾರು ಆವರ್ತ. ಆ ಹದಿನಾರು ನಾಲ್ಕು ನಾಲ್ಕಾಗಿ ಒಡೆಯುತ್ತದೆ. ಹೆಚ್ಚಿನ ಸಲ ಮೊದಲೆರಡು ಭಾಗ ಒಂದೇ ಧಾಟಿ, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನದು. ಪಲ್ಲವಿ, ಪಲ್ಲವಿ, ಚರಣ, ಪಲ್ಲವಿ ಎಂದು ಬರೆದುಕೊಟ್ಟರೆ ಯಾರಿಗೂ ಕಷ್ಟವಿಲ್ಲ. ವ್ಯತ್ಯಾಸ ಏನೆಂದರೆ, ಮನೋಧರ್ಮಕ್ಕೆ ಇಳಿದ ಮೇಲೂ ಪ್ರತಿಯೊಬ್ಬ ವಾದಕ ಈ ಇಡೀ ಚೌಕಟ್ಟನ್ನು ಸುತ್ತುತ್ತಲೇ ಇರುತ್ತಾನೆ. ಚರಣ ಬರುವ ಜಾಗದಲ್ಲಿ ಚರಣದ ಸ್ವರಗಳೇ ಬರಬೇಕು.

ಇನ್ನು ಕೈ. ಡ್ರಮ್ಸ್‌ನವರ ಎಡಗಾಲಿನಲ್ಲಿರುವ ಹಾಯ್-ಹ್ಯಾಟ್ ಎಂಬ ಜೋಡಿ ತಟ್ಟೆ 'ಚಿಕ್' ಎನ್ನುವುದು ಪ್ರತಿ ಬಾರ್‌ನ ಎರಡು ಮತ್ತು ನಾಲ್ಕನೇ ಎಣಿಕೆಗೆ. ಆದಿತಾಳ ಹಾಕುತ್ತಿರುವ ಕೈಯಲ್ಲಿ ನೋಡಿದರೆ ಅದು ಬೀಳುವುದು ಕಿರುಬೆರಳಿಗೆ, ನಡುಬೆರಳಿಗೆ, ಆಮೇಲೆ ಎರಡೂ ಹುಸಿಗಳಿಗೆ. ಪೆಟ್ಟಿನ ಮೇಲೆ ಒಮ್ಮೆಯೂ ಇಲ್ಲ. ನಮ್ಮವರ ಕೈ ಸಹಜವಾಗಿ ಒಂದು ಮತ್ತು ಮೂರಕ್ಕೆ ಚಪ್ಪಾಳೆ ತಟ್ಟುತ್ತದೆ, ಆಗ ಹಾಡು ಕುಂಟಿದಂತೆ ಅನ್ನಿಸುತ್ತದೆ. ಚಪ್ಪಾಳೆ ಬಿಡಿಸಿ ತೊಡೆಯ ಮೇಲೆ ಆದಿತಾಳ ಹಾಕಿಸಿ, 'ಚಿಕ್' ಹುಸಿಗೆ ಬೀಳುತ್ತಿದೆಯೇ ಎಂದು ನೋಡಿಕೊಳ್ಳಲು ಹೇಳಿ. ಪೆಟ್ಟಿಗೆ ಬೀಳುತ್ತಿದ್ದರೆ ಒಂದು ಎಣಿಕೆ ಹಿಂದುಮುಂದಾಗಿದೆ ಎಂದು ಅರ್ಥ, ಕೈ ತಡೆದು ಮುಂದಿನ ಎಣಿಕೆಗೆ ಸೇರಿಸಿಕೊಂಡರಾಯಿತು. ವೇಗ ಜಾಸ್ತಿಯಾಗಿ ಕೈ ಸೋತರೆ ಎರಡು ಎಣಿಕೆಗೆ ಒಂದು ಕ್ರಿಯೆ ಮಾಡಿ: ಬ್ಲೂಸ್ ಮೂರು ಆವರ್ತ, 32 ಬಾರ್ ಎಂಟು ಆವರ್ತ ಆಗುತ್ತದೆ, ಹಾಯ್-ಹ್ಯಾಟ್ ಆಗ ಕ್ರಿಯೆಗಳ ನಡುವಿನ ಖಾಲಿಯಲ್ಲಿ ಬೀಳುತ್ತದೆ.

ಯಾವುದರ ಹಿಂದೆ ಯಾವುದು

ಮೊದಲು ಎಣಿಕೆಯ ಮಾತೇ ಎತ್ತದೆ ಕೆನಿ ಬರೆಲ್ ಅವರ 1963ರ 'ಮಿಡ್‌ನೈಟ್ ಬ್ಲೂ' ಆಲ್ಬಮ್‌ನ ಮೊದಲ ಹಾಡು 'ಚಿಟ್ಲಿನ್ಸ್ ಕಾನ್ ಕಾರ್ನೆ' ಹಾಕಿ. ಐದೂವರೆ ನಿಮಿಷ. ಪಿಯಾನೊ ಇಲ್ಲದ ತಂಡ, ಆದ್ದರಿಂದ ಗಿಟಾರಿನ ಸುತ್ತ ಜಾಗ ಖಾಲಿ ಇದೆ, ಪ್ರತಿ ವಾದ್ಯವನ್ನೂ ಬೆರಳಿಟ್ಟು ತೋರಿಸಬಹುದು. ರೇ ಬರೆಟೊ ಅವರ ಕಾಂಗಾ ಕೈಯಿಂದ ಹೊಡೆಯುವ ಚರ್ಮವಾದ್ಯವಾದ್ದರಿಂದ ಮೃದಂಗ, ತಬಲಾ ಕೇಳಿದ ಕಿವಿ ತಾನಾಗಿ ಅದಕ್ಕೆ ಹೋಗುತ್ತದೆ. ಬಾಸ್ ನುಡಿಸುವ ಮೇಜರ್ ಹಾಲಿ ಅವರೂ ಡೆಟ್ರಾಯ್ಟ್‌ನವರೇ.

ಎರಡನೆಯದು ಮತ್ತು ಮೂರನೆಯದು ಒಂದೇ ಆಲ್ಬಮ್‌ನಿಂದ: ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ'. ಈ ಎರಡಕ್ಕೆ ಸಂಜೆಯ ಅರ್ಧ ಕೊಡಿ. ಮೊದಲು 'ಫ್ರೆಡಿ ಫ್ರೀಲೋಡರ್', ಸುಮಾರು ಹತ್ತು ನಿಮಿಷ. ಇದು ಹನ್ನೆರಡು ಬಾರ್‌ನ ಬ್ಲೂಸ್, ಎಣಿಕೆ ಕಲಿಯಲು ಇದಕ್ಕಿಂತ ಹದವಾದ ವೇಗ ಸಿಗುವುದಿಲ್ಲ. ಆರು ಆವರ್ತ ಮುಗಿಯಲು ಇಪ್ಪತ್ತೆರಡು ಸೆಕೆಂಡಿನ ಆಸುಪಾಸು. ಪಲ್ಲವಿ ಎರಡು ಸಲ ಬರುವವರೆಗೆ ಸುಮ್ಮನೆ ಕೇಳಿಸಿ, ಪಿಯಾನೊ ಮುಂದೆ ಬಂದಾಗ ಕೈ ಶುರು ಮಾಡಿಸಿ. ಎಣಿಸುತ್ತ ಕಿವಿಯನ್ನು ಬಾಸ್‌ಗೆ ಇಡಲು ಹೇಳಿ. ಚೇಂಬರ್ಸ್ ಒಂದೊಂದು ಎಣಿಕೆಗೆ ಒಂದೊಂದು ಸ್ವರ ಇಡುತ್ತ ನಡೆಯುತ್ತಾರೆ, ಅದನ್ನು 'ವಾಕಿಂಗ್ ಬಾಸ್' ಎನ್ನುತ್ತಾರೆ. ಐದನೇ ಬಾರ್‌ಗೆ, ಅಂದರೆ ಮೂರನೇ ಆವರ್ತದ ಮೊದಲ ಪೆಟ್ಟಿಗೆ ಆಧಾರ ಸ್ವರ ಮಧ್ಯಮಕ್ಕೆ ಸರಿಯುತ್ತದೆ. ಆ ಪೆಟ್ಟು ಹತ್ತಿರ ಬಂದಂತೆ ಬಾಸ್ ಎತ್ತ ಹೊರಟಿದೆ ಎಂದು ಗಮನಿಸಲು ಹೇಳಿ. ಒಬ್ಬರಿಗೆ ಸಿಕ್ಕರೆ ಸಾಕು, ಪಕ್ಕದವರಿಗೂ ಅದೇ ಕ್ಷಣ ಸಿಗುತ್ತದೆ. ಹಾಡಿನ ಕೊನೆಯ ಕಡೆ ಚೇಂಬರ್ಸ್ ಅವರೇ ಮುಂದೆ ಬರುತ್ತಾರೆ.

ಆಮೇಲೆ 'ಸೋ ವಾಟ್', ಒಂಬತ್ತೂಕಾಲು ನಿಮಿಷ. ತಾಳವಿಲ್ಲದ ಸಣ್ಣ ಪೀಠಿಕೆಯ ನಂತರ ಹಾಡನ್ನು ಎತ್ತುವುದೇ ಬಾಸ್. ಚೇಂಬರ್ಸ್ ಒಂದು ಸಂಗತಿ ಕೇಳುತ್ತಾರೆ, ಉಳಿದವರು ಎರಡು ಹೊಡೆತದಲ್ಲಿ ಉತ್ತರ ಕೊಡುತ್ತಾರೆ. ಪಕ್ಕವಾದ್ಯ ಹಾಡಿದರೆ ಮುಖ್ಯ ಕಲಾವಿದರು ಸೊಲ್ಲು ಹೇಳಿದಂತೆ. ಇಲ್ಲಿ 32 ಬಾರ್‌ನ ಚೌಕಟ್ಟು ಇದೆ, ಒಂದು ಸುತ್ತಿಗೆ ಒಂದು ನಿಮಿಷಕ್ಕೆ ತುಸು ಕಡಿಮೆ.

ಈ ಹಾಡಿನ ಸ್ವರಗಳನ್ನು ಶ್ರೋತೃಗಳು ತಾವೇ ಗುರುತಿಸುತ್ತಾರೆ. ಮೊದಲ ಎಂಟು ಆವರ್ತಕ್ಕೆ ಬಳಸಿದ ಸ್ವರಸಮೂಹ ಎರಡು ಮನೆ ಶ್ರುತಿಯ ಖರಹರಪ್ರಿಯದ್ದೇ. ಒಂಬತ್ತನೇ ಆವರ್ತಕ್ಕೆ ಅದೇ ಸಮೂಹ ಅನಾಮತ್ತಾಗಿ ಎರಡೂವರೆ ಮನೆಗೆ ಏರುತ್ತದೆ, ನಾಲ್ಕು ಆವರ್ತ ಅಲ್ಲಿದ್ದು ಮತ್ತೆ ಎರಡಕ್ಕೆ ಇಳಿಯುತ್ತದೆ. ಇದನ್ನು ತೋರಿಸಲು ಹಾಡು ಮುಗಿದ ಮೇಲೆ ಮೊದಲ ಎರಡೂವರೆ ನಿಮಿಷವನ್ನು ಮತ್ತೊಮ್ಮೆ ಹಾಕಿ, ಎರಡು ಮನೆಗೆ ಇಟ್ಟ ಶ್ರುತಿಪೆಟ್ಟಿಗೆಯನ್ನು ಜೊತೆಯಲ್ಲಿ ಮೆಲ್ಲಗೆ ನುಡಿಸಿ. ಚರಣ ಬಂದಾಗ ಶ್ರುತಿ ಕಚ್ಚಾಡುತ್ತದೆ, ಪಲ್ಲವಿ ಮರಳಿದಾಗ ಕೂಡುತ್ತದೆ. ಕಿವಿಗೆ ಅಹಿತವೇ, ಆದರೆ ಮಾತಿನಲ್ಲಿ ಹತ್ತು ನಿಮಿಷ ಹೇಳಿದರೂ ಆಗದ್ದು ಆಗುತ್ತದೆ. ಶ್ರುತಿ ಮೊದಲಿನಿಂದಲೇ ಕೂಡದಿದ್ದರೆ ಪೆಟ್ಟಿಗೆಯನ್ನು ಬಯ್ಯಬೇಡಿ. 1959ರ ಎಲ್‌ಪಿಯ ಮೊದಲ ಬದಿ ಟೇಪ್ ಯಂತ್ರದ ವೇಗದ ದೋಷದಿಂದ ಸ್ವಲ್ಪ ಏರುಶ್ರುತಿಯಲ್ಲಿ ಅಚ್ಚಾಗಿತ್ತು, 1990ರ ದಶಕದ ಮರುಮುದ್ರಣಗಳಲ್ಲಿ ಸರಿಪಡಿಸಿದರು. ಹಳೆಯ ಪ್ರತಿಯಿಂದ ಇಳಿಸಿದ ಕಡತವಾದರೆ ಬದಲಾಯಿಸಿ. ಇನ್ನೊಂದು ಎಚ್ಚರಿಕೆ: 'ಹಾಗಾದರೆ ಇದು ಖರಹರಪ್ರಿಯ' ಎಂದು ಯಾರೂ ಎದ್ದು ಹೋಗದಿರಲಿ. ಸ್ವರಸ್ಥಾನ ಒಂದೇ. ಗಮಕ, ಸಂಚಾರ, ನ್ಯಾಸ ಯಾವುದೂ ರಾಗದ್ದಲ್ಲ.

ಇಲ್ಲಿಗೆ ಹದಿನೈದು ನಿಮಿಷ ವಿರಾಮ. ಕಾಫಿ ಆಗ ಮಾತ್ರ. ಕ್ಯಾತಸಂದ್ರದ ತಟ್ಟೆ ಇಡ್ಲಿ ತರಿಸುವ ಉತ್ಸಾಹ ಇದ್ದರೆ ಕಾರ್ಯಕ್ರಮ ಮುಗಿದ ಮೇಲೆ ಬಡಿಸಿ. ಸ್ಟೀಲ್ ತಟ್ಟೆಯ ಸದ್ದು ಹಾಯ್-ಹ್ಯಾಟ್‌ಗಿಂತ ಜೋರು.

ವಿರಾಮದ ನಂತರ ಟಾಮಿ ಫ್ಲಾನಗನ್. ಕೋಲ್ಟ್ರೇನ್ ಅವರ 'ಜಯಂಟ್ ಸ್ಟೆಪ್ಸ್' (ಮುದ್ರಣ 1959) ಐದು ನಿಮಿಷಕ್ಕೂ ಕಡಿಮೆ. ಪಿಯಾನೊ ಫ್ಲಾನಗನ್, ಬಾಸ್ ಚೇಂಬರ್ಸ್, ನಾಲ್ವರಲ್ಲಿ ಇಬ್ಬರು ಡೆಟ್ರಾಯ್ಟ್. 16 ಬಾರ್‌ನ ಸುತ್ತು ಹದಿಮೂರು, ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ, ಆಧಾರ ಸ್ವರಗಳ ಗುಂಪು ಹೆಚ್ಚುಕಡಿಮೆ ಎರಡೆರಡು ಎಣಿಕೆಗೆ ಬದಲಾಗುತ್ತದೆ. ಎಣಿಸಲು ಹೋಗಬೇಡಿ. ಕೋಲ್ಟ್ರೇನ್ ಪ್ರವಾಹದಂತೆ ನುಡಿಸಿ ಮುಗಿಸಿದ ಮೇಲೆ, ಹಾಡು ಅರ್ಧ ದಾಟಿದಾಗ ಪಿಯಾನೊ ಸರದಿ ಬರುತ್ತದೆ. ಫ್ಲಾನಗನ್ ಶುರು ಮಾಡಿ, ತಡವರಿಸಿ, ಸ್ವರಮಾಲೆ ಬಿಟ್ಟು ಬಿಡಿ ಬಿಡಿ ಹೊಡೆತಗಳಿಗೆ ಇಳಿಯುತ್ತಾರೆ. ಇಂಥ ಕಡೆ ಅಳುಕದ ವಾದಕರಿಲ್ಲ, ಆ ಹಾಡು ಅಷ್ಟು ಕಠಿಣ. ಫ್ಲಾನಗನ್ 1982ರಲ್ಲಿ ಇದೇ ಹೆಸರಿನ ತಮ್ಮದೇ ಆಲ್ಬಮ್ ಮಾಡಿದರು. ಹೊಸಬರಿಗೆ ಜಾಝ್ ಪರಿಚಯಿಸಲು ಹಲವರು ಈ ಹಾಡನ್ನೇ ಮೊದಲು ಹಾಕುತ್ತಾರೆ. ಅದು ಕಛೇರಿ ಕೇಳದವರಿಗೆ ಮೊದಲ ದಿನವೇ ಸಂಕೀರ್ಣ ಜಾತಿ ಪಲ್ಲವಿ ಕೇಳಿಸಿದಂತೆ.

ಅದರ ಬೆನ್ನಿಗೇ ಫ್ಲಾನಗನ್ ನಿರಾಳವಾಗಿರುವುದನ್ನು ಕೇಳಿಸಬೇಕು, ಇಲ್ಲದಿದ್ದರೆ ಅವರಿಗೆ ಅನ್ಯಾಯ. ಸಾನಿ ರೋಲಿನ್ಸ್ ಅವರ 1956ರ 'ಸ್ಯಾಕ್ಸೊಫೋನ್ ಕೊಲಾಸಸ್'ನಿಂದ 'ಬ್ಲೂ 7' ಹಾಕಿ, ಹನ್ನೊಂದು ನಿಮಿಷ. ಮೊದಲು ಬರುವುದು ಡಗ್ ವಾಟ್ಕಿನ್ಸ್ ಅವರ ಬಾಸ್ ನಡಿಗೆ, ಉಳಿದವರು ಆಮೇಲೆ ಸೇರುತ್ತಾರೆ. ಸ್ಪೀಕರ್ ಸರಿಯಾಗಿ ಇಟ್ಟಿದ್ದೀರೋ ಇಲ್ಲವೋ ಎನ್ನುವ ಪರೀಕ್ಷೆಗೂ ಇದೇ ಭಾಗ ಒಳ್ಳೆಯದು: ಪ್ರತಿ ಸ್ವರ ಬೇರೆ ಬೇರೆಯಾಗಿ ಕೇಳಿಸಬೇಕು, ತಂತಿಗೆ ಬೆರಳು ತಾಗುವ ಸದ್ದೂ ಬರಬೇಕು. ಇದೂ ಬ್ಲೂಸ್, ಆರು ಆವರ್ತ. ವಾಟ್ಕಿನ್ಸ್ 1962ರಲ್ಲಿ, ಇನ್ನೂ ಮೂವತ್ತು ತುಂಬದೆ, ಕಾರು ಅಪಘಾತದಲ್ಲಿ ತೀರಿಕೊಂಡರು. ಚೇಂಬರ್ಸ್ 1969ರಲ್ಲಿ, ಮೂವತ್ತಮೂರಕ್ಕೆ.

ಕೊನೆಯ ಎರಡು ಹಾಡುಗಳಿಗೆ ಹೆಚ್ಚು ಮಾತು ಬೇಡ. ಯೂಸೆಫ್ ಲತೀಫ್ ಅವರ 1961ರ 'ಈಸ್ಟರ್ನ್ ಸೌಂಡ್ಸ್'ನ 'ಬ್ಲೂಸ್ ಫಾರ್ ದಿ ಓರಿಯಂಟ್'ನಲ್ಲಿ ಓಬೋ ಇದೆ. ಅದು ನಾಗಸ್ವರ, ಶೆಹನಾಯ್‌ಗಳಂತೆ ಜೋಡಿ ನಾಲಿಗೆಯ ವಾದ್ಯ, ದನಿ ಕೇಳಿದೊಡನೆ ಜನ ತಲೆ ಎತ್ತುತ್ತಾರೆ. ಪಿಯಾನೊ ಬ್ಯಾರಿ ಹ್ಯಾರಿಸ್, ಬಾಸ್ ಎರ್ನಿ ಫ್ಯಾರೊ. ಈ ಫ್ಯಾರೊ ಆಲಿಸ್ ಕೋಲ್ಟ್ರೇನ್ ಅವರ ತಾಯಿಯ ಕಡೆಯಿಂದ ಅಣ್ಣ, ಆದ್ದರಿಂದ ಮುಂದಿನ ಹಾಡಿಗೆ ಕೊಂಡಿ ತಾನಾಗಿ ಸಿಗುತ್ತದೆ: ಆಲಿಸ್ ಅವರ 1971ರ 'ಜರ್ನಿ ಇನ್ ಸಚ್ಚಿದಾನಂದ' ಆಲ್ಬಮ್‌ನ ಅದೇ ಹೆಸರಿನ ರಚನೆ, ಆರೂವರೆ ನಿಮಿಷ. ತಂಬೂರಿ, ಬಿಡದೆ ಮರುಕಳಿಸುವ ಬಾಸ್, ಅದರ ಮೇಲೆ ಹಾರ್ಪ್. ಹೆಸರು ಆಕೆಯ ಗುರು ಸ್ವಾಮಿ ಸಚ್ಚಿದಾನಂದರದು. ಮುಂದೆ ಆಕೆ ತುರೀಯಸಂಗೀತಾನಂದ ಎಂಬ ಹೆಸರು ತಳೆದು ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ ಭಜನೆ ಹಾಡಿಸಿದರು. ಇದನ್ನು ಮೊದಲಿಗೆ ಹಾಕೋಣ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ತಂಬೂರಿ ಕೇಳಿದ ಕಿವಿ 'ಇದು ನಮ್ಮದೇ' ಎಂದು ಅಲ್ಲೇ ನೆಲೆ ನಿಲ್ಲುತ್ತದೆ, ಆಧಾರ ಶ್ರುತಿ ಬದಲಾಗುತ್ತಿರುವ ಉಳಿದ ಹಾಡುಗಳೆಲ್ಲ ಅಪಸ್ವರವಾಗಿ ಕಾಣಲು ಶುರುವಾಗುತ್ತವೆ.

ಸಭೆಯಲ್ಲಿ ಎಡವುವ ಕಡೆಗಳು

ಹಾಡಿನ ನಡುವೆ ಮಾತಾಡಿ ವಿವರಿಸುವುದು ದೊಡ್ಡ ತಪ್ಪು, ಎಣಿಕೆ ಮುರಿಯುತ್ತದೆ. ವಾದಕರು ಬದಲಾಗುವಾಗ ಹೆಸರು ಬರೆದ ರಟ್ಟು ಎತ್ತಿ ತೋರಿಸಿ, ಅಷ್ಟೇ. ಹಾಡು, ವರ್ಷ, ವಾದಕರು, ವಾದ್ಯ ಇವಿಷ್ಟನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ, ಡೆಟ್ರಾಯ್ಟ್‌ನವರ ಹೆಸರಿಗೆ ಗೆರೆ ಎಳೆಯಿರಿ. ಜೀವನಚರಿತ್ರೆ ಎರಡು ವಾಕ್ಯ ಮೀರಬಾರದು. ಪರದೆಯ ಮೇಲೆ ವಿಡಿಯೊ ತೋರಿಸಿದರೆ ಕಣ್ಣು ಕಹಳೆ ಊದುವವರ ಮೇಲೇ ಇರುತ್ತದೆ, ಬಾಸ್ ಮತ್ತೆ ಹಿಂದಕ್ಕೆ ಸರಿಯುತ್ತದೆ. ಮೊದಲ ಸಂಜೆ ವಿಡಿಯೊ ಬೇಡವೇ ಬೇಡ.

ಎರಡನೇ ಸಂಜೆ ಮಾಡುವುದಾದರೆ ಪಿಟೀಲು ಮತ್ತು ಹಾರ್ಪ್ ಇಟ್ಟುಕೊಳ್ಳಿ. ರೆಜಿನಾ ಕಾರ್ಟರ್ 2001ರಲ್ಲಿ ಇಟಲಿಯ ಜಿನೋವಾದಲ್ಲಿ ಹೆಸರಾಂತ ಪಿಟೀಲು ವಾದಕ ಪಗನಿನಿ ಬಳಸಿದ್ದ, 1743ರಲ್ಲಿ ತಯಾರಾದ ಪಿಟೀಲನ್ನೇ ನುಡಿಸಿದವರು. ಊರಿನ ಪಿಟೀಲು ವಿದ್ಯಾರ್ಥಿಗಳನ್ನು ಕರೆದು, ಅವರ ತಂತಿಗಳು ಸ-ಪ-ಸ-ಪ ಇರುವಾಗ ಆಕೆಯ ನಾಲ್ಕು ತಂತಿಗಳೂ ಒಂದರಿಂದೊಂದು ಪಂಚಮದ ದೂರದಲ್ಲಿರುತ್ತವೆ ಎಂದು ವಾದ್ಯದ ಮೇಲೇ ತೋರಿಸಬಹುದು. ಜೊತೆಗೆ ಡೊರೊತಿ ಆ್ಯಶ್‌ಬಿ ಅವರ 1968ರ 'ಆಫ್ರೊ-ಹಾರ್ಪಿಂಗ್'. ಎಲ್ವಿನ್ ಜೋನ್ಸ್ ಅವರಿಗೆ ಪ್ರತ್ಯೇಕ ಸಂಜೆಯೇ ಬೇಕು, ಅದಕ್ಕೆ ಊರಿನ ಮೃದಂಗದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು 1964ರ ಡಿಸೆಂಬರ್‌ನಲ್ಲಿ ಮುದ್ರಣವಾದ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಹಾಕಿ, ತಿಸ್ರ ಎಲ್ಲೆಲ್ಲಿ ನುಸುಳುತ್ತದೆ ಎಂದು ಅವರಿಂದಲೇ ಹೇಳಿಸಿ.